ಅಮೆರಿಕದ ಹಳೇ ಬೆಳ್ಳಿ ಸ್ಮಾರಕ ನಾಣ್ಯ ಕೂಡಿಸುವುದು ಹೇಗೆ: ಮೊದಲು ನಾಣ್ಯದ ಮೈ ನೋಡಿ

ನಮ್ಮ ಮನೆಗಳಲ್ಲಿ ಹಬ್ಬ ಬಂತು ಅಂದರೆ ಬೆಳ್ಳಿ ಸಾಮಾನೆಲ್ಲ ಕಪಾಟಿನಿಂದ ಹೊರಗೆ ಬರುತ್ತದೆ. ದೀಪ, ಪಂಚಪಾತ್ರೆ, ಕುಂಕುಮದ ಬಟ್ಟಲು, ಲಕ್ಷ್ಮೀಪೂಜೆಗೆ ಇಡುವ ಹಳೇ ಬೆಳ್ಳಿ ರೂಪಾಯಿ. ಹುಣಸೆಹಣ್ಣೋ ವಿಭೂತಿಯೋ ಹಚ್ಚಿ ತಿಕ್ಕಿದರೆ ಎಲ್ಲ ಫಳಫಳ. ನಾನೂ ಹಾಗೇ ಬೆಳೆದವನು. ಬೆಳ್ಳಿ ಅಂದರೆ ಹೊಳೆಯಬೇಕು, ಕಪ್ಪಾದರೆ ತೊಳೆಯಬೇಕು ಅನ್ನುವುದು ಕೈಗೇ ಅಂಟಿಕೊಂಡ ಅಭ್ಯಾಸ. ಅಮೆರಿಕಕ್ಕೆ ಬಂದು ಇಲ್ಲಿನ ಹಳೇ ಬೆಳ್ಳಿ ನಾಣ್ಯಗಳ ಹಿಂದೆ ಬಿದ್ದ ಮೇಲೆ ನಾನು ಮೊದಲು ಬಿಡಬೇಕಾಗಿ ಬಂದದ್ದು ಇದನ್ನೇ.

ಯಾಕೆಂದರೆ ಈ ನಾಣ್ಯಗಳಲ್ಲಿ ಬೆಲೆ ಇರುವುದು ಬೆಳ್ಳಿಗಲ್ಲ, ಮೈಗೆ. ಅಚ್ಚಿನ ಏಟು ಬಿದ್ದ ದಿನ ಬೆಳ್ಳಿಯ ಮೇಲೆ ಮೂಡಿದ ಆ ತೆಳು ಪದರ ಹಾಗೇ ಉಳಿದಿದೆಯಾ ಇಲ್ಲವಾ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಒಮ್ಮೆ ತಿಕ್ಕಿದರೆ ಅದು ಹೋಯಿತು. ಮತ್ತೆ ಯಾರೂ ತಂದು ಕೊಡಲಾರರು.

ಯಾವ ನಾಣ್ಯಗಳ ಬಗ್ಗೆ ಹೇಳುತ್ತಿದ್ದೇನೆ ಅಂದರೆ, 1892ರಿಂದ 1954ರವರೆಗೆ ಅಮೆರಿಕದ ಟಂಕಸಾಲೆಗಳು ಹೊಡೆದ ಸ್ಮಾರಕ ನಾಣ್ಯಗಳು. ಸಂಗ್ರಹಕಾರರು ಇವನ್ನು ಕ್ಲಾಸಿಕ್ ಕಮೆಮೊರೇಟಿವ್ ಅನ್ನುತ್ತಾರೆ. ಆಗಿನ ವ್ಯವಸ್ಥೆ ಸರಳ. ಒಂದು ಊರಿನ ಶತಮಾನೋತ್ಸವ, ಒಂದು ದೊಡ್ಡ ವಸ್ತುಪ್ರದರ್ಶನ, ಒಂದು ಸ್ಮಾರಕದ ಕೆಲಸ, ಹೀಗೆ ಏನೋ ಒಂದಕ್ಕೆ ದುಡ್ಡು ಬೇಕು. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಂದು ಕಾನೂನು ಮಾಡಿ ಒಪ್ಪಿಗೆ ಕೊಡುತ್ತದೆ, ಟಂಕಸಾಲೆ ನಾಣ್ಯ ಹೊಡೆದು ಮುಖಬೆಲೆಗೆ ಆ ಕೆಲಸದ ಸಮಿತಿಗೆ ಕೊಡುತ್ತದೆ, ಸಮಿತಿ ಅದನ್ನು ಜನರಿಗೆ ಒಂದಕ್ಕೆರಡು ಬೆಲೆಗೆ ಮಾರಿ ನಡುವಿನ ಹಣ ಇಟ್ಟುಕೊಳ್ಳುತ್ತದೆ. ಬೆಳ್ಳಿಯಲ್ಲಿ ಒಟ್ಟು 50 ವಿನ್ಯಾಸ ಬಂದವು: 48 ಅರ್ಧ ಡಾಲರ್, ಒಂದೇ ಒಂದು ಕಾಲು ಡಾಲರ್, ಒಂದೇ ಒಂದು ಡಾಲರ್. ವರ್ಷ, ಟಂಕಸಾಲೆ, ಸಣ್ಣಪುಟ್ಟ ವ್ಯತ್ಯಾಸ ಎಲ್ಲ ಲೆಕ್ಕ ಹಾಕಿದರೆ 144.

ಮೊದಲ ಹೆಜ್ಜೆ: ಎಷ್ಟು ಬೇಕು ಅಂತ ನಿರ್ಧರಿಸಿ

144ಕ್ಕೂ ಕೈ ಹಾಕಬೇಡಿ. ಕನಿಷ್ಠ ಮೊದಲ ಎರಡು ವರ್ಷವಾದರೂ ಬೇಡ. 144 ಆಗುವುದೇ ಒಂದೇ ವಿನ್ಯಾಸವನ್ನು ಮತ್ತೆ ಮತ್ತೆ ಹೊಡೆದಿದ್ದರಿಂದ. ಆರೆಗಾನ್ ಟ್ರೇಲ್ ನಾಣ್ಯ ಒಂದನ್ನೇ ತೆಗೆದುಕೊಳ್ಳಿ, 1926ರಿಂದ 1939ರವರೆಗೆ ಬಿಟ್ಟು ಬಿಟ್ಟು 14 ಬಗೆ ಬಂದಿದೆ. ಡೇನಿಯಲ್ ಬೂನ್, ಟೆಕ್ಸಾಸ್, ಅರ್ಕನ್ಸಾ ನಾಣ್ಯಗಳದ್ದೂ ಅದೇ ಕಥೆ. ಮೂರು ಟಂಕಸಾಲೆಯಿಂದ ಮೂರು, ಹೆಚ್ಚುಕಡಿಮೆ ಪ್ರತಿ ವರ್ಷ. ಮಿಂಟ್ ಮಾರ್ಕ್, ಅಂದರೆ ಟಂಕಸಾಲೆಯ ಗುರುತಿನ ಅಕ್ಷರ, ಡಿ ಇದ್ದರೆ ಡೆನ್ವರ್, ಎಸ್ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೋ, ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. (1925ರ ಫೋರ್ಟ್ ವ್ಯಾಂಕೂವರ್ ನಾಣ್ಯ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹೊಡೆದದ್ದು, ಆದರೂ ಎಸ್ ಇಲ್ಲ. ಅದೊಂದು ಬೇರೆ.)

ಈ ಮರುಮುದ್ರಣದ ಹಿಂದೆ ವ್ಯಾಪಾರ ಇತ್ತು. ಬೂನ್ ನಾಣ್ಯದಲ್ಲಿ 1935ರಲ್ಲಿ ಹಿಂಬದಿಗೆ ಪುಟ್ಟದಾಗಿ 1934 ಅಂತ ಸೇರಿಸಿ ಡೆನ್ವರ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಲಾ 2,000ದಷ್ಟು ಮಾತ್ರ ಹೊಡೆದರು. ಸಂಗ್ರಹಕಾರರಿಗೆ ಸಿಗಲೇ ಇಲ್ಲ, ಬೆಲೆ ಎಲ್ಲಿಗೋ ಹೋಯಿತು. 1936ರ ಸಿನ್ಸಿನಾಟಿ ನಾಣ್ಯ ಇನ್ನೂ ಒಂದು ಹೆಜ್ಜೆ ಮುಂದೆ. ಮೂರು ಟಂಕಸಾಲೆಯ ಮೂರು ನಾಣ್ಯದ ಸೆಟ್, ಬರೀ 5,000 ಸೆಟ್, ಒಂದಕ್ಕೆ 7.75 ಡಾಲರ್. ಆ ಊರು ಸಂಗೀತದ ಕೇಂದ್ರವಾಗಿ 50 ವರ್ಷ ಆಯಿತು ಅನ್ನುವುದು ನೆಪ. ನಾಣ್ಯದ ಮೇಲಿರುವವರು ಹಾಡು ಕಟ್ಟುತ್ತಿದ್ದ ಸ್ಟೀಫನ್ ಫಾಸ್ಟರ್, ಆದರೆ ಅವರು ತೀರಿಕೊಂಡಿದ್ದು 1864ರಲ್ಲಿ! ಆ 50 ವರ್ಷದ ಲೆಕ್ಕಕ್ಕೆ ಅವರು ಸೇರುವುದೇ ಇಲ್ಲ. ಇಂಥವು ಜಾಸ್ತಿಯಾದ ಮೇಲೆ 1939ರಲ್ಲಿ ಕಾಂಗ್ರೆಸ್ಸೇ ಹಳೇ ಅನುಮತಿಗಳ ಮೇಲೆ ಮತ್ತೆ ಮತ್ತೆ ನಾಣ್ಯ ಹೊಡೆಯುವುದನ್ನು ನಿಲ್ಲಿಸಿತು.

ಆದ್ದರಿಂದ ಪ್ರತಿ ವಿನ್ಯಾಸಕ್ಕೆ ಒಂದರಂತೆ 50 ಅನ್ನುವ ಗುರಿ ಸಾಕಷ್ಟು ದೊಡ್ಡದು. ಅದಕ್ಕಿಂತ ಚಿಕ್ಕದು ಬೇಕಾ, ಒಂದು ಎಳೆ ಹಿಡಿದುಕೊಳ್ಳಿ. ವಸ್ತುಪ್ರದರ್ಶನಗಳಿಗೆ ಬಂದವು, ಹಡಗು ಇರುವವು, ಒಂದೇ ರಾಜ್ಯದವು. ನಿಮ್ಮ ಮಗಳು ಓದುತ್ತಿರುವ ಊರು, ನೀವು ಮೊದಲು ಬಂದಿಳಿದ ರಾಜ್ಯ, ಅದರಿಂದಲೂ ಶುರು ಮಾಡಬಹುದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಇಲಿನಾಯ್, ಕನೆಕ್ಟಿಕಟ್, ನಮ್ಮ ಜನ ತುಂಬಿರುವ ಈ ರಾಜ್ಯಗಳೆಲ್ಲದಕ್ಕೂ ಒಂದೊಂದು ನಾಣ್ಯ ಇದೆ.

ನಾನು ಹಿಡಿದ ಎಳೆ ಬೇರೆ. ನನ್ನ ಟ್ರೇಯಲ್ಲಿ ಎರಡು ಅರ್ಧ ಡಾಲರ್ ಅಕ್ಕಪಕ್ಕ ಇವೆ. ಒಂದು 1925ರ ಸ್ಟೋನ್ ಮೌಂಟನ್. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಸೇನಾಪತಿಗಳು, ಲೀ ಮತ್ತು ಜಾಕ್ಸನ್, ಅದರ ಮೇಲೆ ಕುದುರೆ ಏರಿ ಕೂತಿದ್ದಾರೆ. ಜಾರ್ಜಿಯಾದ ಬಂಡೆಯಲ್ಲಿ ಅವರ ಸ್ಮಾರಕ ಕಡೆಯಲು ದುಡ್ಡು ಎತ್ತಲು ಬಂದದ್ದು. ವಿನ್ಯಾಸ ಗಟ್ಸನ್ ಬೋರ್ಗ್ಲಮ್ ಅವರದ್ದು, ಮುಂದೆ ಮೌಂಟ್ ರಶ್‌ಮೋರ್ ಕಡೆದವರು ಇವರೇ. ಇನ್ನೊಂದು 1946ರಿಂದ ಬಂದ ಬುಕರ್ ಟಿ. ವಾಷಿಂಗ್ಟನ್ ನಾಣ್ಯ. ಗುಲಾಮರ ಮನೆಯಲ್ಲಿ ಹುಟ್ಟಿ ಶಾಲೆ ಕಟ್ಟಿದವರು, ಅಮೆರಿಕದ ನಾಣ್ಯದ ಮೇಲೆ ಬಂದ ಮೊದಲ ಕಪ್ಪು ಜನಾಂಗದ ವ್ಯಕ್ತಿ. ವಿನ್ಯಾಸ ಮಾಡಿದ ಐಸಾಕ್ ಹ್ಯಾಥವೇ ಕೂಡ ಅಮೆರಿಕದ ನಾಣ್ಯ ವಿನ್ಯಾಸ ಮಾಡಿದ ಮೊದಲ ಕಪ್ಪು ಕಲಾವಿದ. ಹಿಂಬದಿಯಲ್ಲಿ ಕೆಳಗೆ ಒಂದು ಮರದ ದಿಮ್ಮಿಯ ಗುಡಿಸಲು ಇದೆ. ಎರಡೂ 12.5 ಗ್ರಾಮ್, ಎರಡರಲ್ಲೂ ನೂರಕ್ಕೆ 90 ಭಾಗ ಬೆಳ್ಳಿ, ನಡುವೆ 21 ವರ್ಷ. ಇವೆರಡನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಈ ದೇಶ ಅರ್ಥವಾದಷ್ಟು ಬೇರೆ ಯಾವುದರಿಂದಲೂ ಆಗಲಿಲ್ಲ. ಎರಡೂ ದುಬಾರಿಯಲ್ಲ, ಎರಡೂ ಸುಲಭವಾಗಿ ಸಿಗುತ್ತವೆ.

ಎರಡನೆಯದು: ಕಣ್ಣು ಪಳಗಿಸಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಬೇಕಾದ ಸಾಮಾನು ಕಡಿಮೆ: ಐದು ಅಥವಾ ಹತ್ತು ಪಟ್ಟು ತೋರಿಸುವ ಒಂದು ಲೂಪ್ (ಪುಟ್ಟ ಭೂತಕನ್ನಡಿ), ಒಂದು ಮೇಜಿನ ದೀಪ, ಒಂದು ಮೆತ್ತನೆ ಬಟ್ಟೆ (ನಾಣ್ಯ ಒರೆಸಲು ಅಲ್ಲ, ಕೈ ಜಾರಿದರೆ ಬೀಳಲು ಕೆಳಗೆ ಹಾಸಿಕೊಳ್ಳಲು), 0.01 ಗ್ರಾಮ್‌ವರೆಗೆ ತೂಗುವ ಪುಟ್ಟ ತಕ್ಕಡಿ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಹೆಬ್ಬೆರಳು ತೋರುಬೆರಳ ನಡುವೆ. ಮುಖದ ಮೇಲೆ ಬೆರಳಿಟ್ಟರೆ ಗುರುತು ವರ್ಷಗಳ ನಂತರ ಕಂದು ಕಲೆಯಾಗಿ ಮೇಲೆದ್ದು ಬರುತ್ತದೆ.

ಕಲಿಯಲು ಕೊಲಂಬಿಯನ್ ಅರ್ಧ ಡಾಲರ್‌ಗಿಂತ ಒಳ್ಳೆಯದಿಲ್ಲ. ಈ ಸಾಲಿನ ಮೊಟ್ಟಮೊದಲ ನಾಣ್ಯ, ಶಿಕಾಗೋ ವಸ್ತುಪ್ರದರ್ಶನಕ್ಕೆ ಬಂದದ್ದು. 1892ರಲ್ಲಿ ಸುಮಾರು 9.5 ಲಕ್ಷ ಹೊಡೆದರು. 1893ರಲ್ಲಿ 40 ಲಕ್ಷಕ್ಕೂ ಮೇಲೆ ಹೊಡೆದು, ಒಂದು ಡಾಲರ್ ಕೊಟ್ಟು ಕೊಳ್ಳುವವರು ಸಾಕಷ್ಟು ಇಲ್ಲದೆ, ಸುಮಾರು 25 ಲಕ್ಷ ಕರಗಿಸಿದರು. ಉಳಿದಿದ್ದರಲ್ಲಿ ಬಹಳಷ್ಟು ಸಾಮಾನ್ಯ ಚಿಲ್ಲರೆಯಾಗಿ ಅಂಗಡಿ ಕೈಗಳಲ್ಲಿ ಓಡಾಡಿದವು. ಹಾಗಾಗಿ ಇವತ್ತಿಗೂ ಸವೆದ ಕೊಲಂಬಿಯನ್ ಕಡಿಮೆ ಬೆಲೆಗೇ ಸಿಗುತ್ತದೆ, ಹಾಳಾದರೂ ದುಃಖವಿಲ್ಲದೆ ಕೈಯಲ್ಲಿ ಹಿಡಿದು ಕಲಿಯಬಹುದು.

ಒಂದನ್ನು ದೀಪದ ಕೆಳಗೆ ಹಿಡಿಯಿರಿ. ಮುಂಬದಿಯಲ್ಲಿ ಬಲಕ್ಕೆ ತಿರುಗಿದ ಕೊಲಂಬಸ್ ಮುಖ, ಹಿಂಬದಿಯಲ್ಲಿ ಸಾಂತಾ ಮರಿಯಾ ಹಡಗು, ಕೆಳಗೆ ಎರಡು ಅರ್ಧಗೋಳ, ಎಡಕ್ಕೆ 14 ಬಲಕ್ಕೆ 92. ಈಗ ನಾಣ್ಯವನ್ನು ನಿಧಾನವಾಗಿ ಓರೆ ಮಾಡಿ ತಿರುಗಿಸಿ. ಮೈ ಉಳಿದ ನಾಣ್ಯದಲ್ಲಿ ಬೆಳಕಿನ ಒಂದು ಪಟ್ಟೆ ನಡುವಿನಿಂದ ಹೊರಟು, ಎತ್ತಿನಗಾಡಿ ಚಕ್ರದ ಕಡ್ಡಿ ತಿರುಗಿದ ಹಾಗೆ, ನಾಣ್ಯದ ಸುತ್ತ ಓಡುತ್ತದೆ. ಏಟು ಬಿದ್ದಾಗ ಬೆಳ್ಳಿ ಅಂಚಿನ ಕಡೆ ಹರಿದು ಮೂಡಿದ ಸೂಕ್ಷ್ಮ ಗೆರೆಗಳಿಂದ ಆ ಪಟ್ಟೆ ಬರುತ್ತದೆ. ಈಗ ಕೊಲಂಬಸ್ ಕೆನ್ನೆಯ ಮೇಲೆ, ಕೂದಲಿನ ಮೇಲೆ, ಹಡಗಿನ ಹಾಯಿಯ ಉಬ್ಬಿನ ಮೇಲೆ ಆ ಬೆಳಕು ಮುರಿಯುತ್ತದಾ ನೋಡಿ. ಉಬ್ಬಿದ ಜಾಗ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿ, ಸುತ್ತ ಮಾತ್ರ ಹೊಳಪಿದ್ದರೆ ಸವೆತ ಶುರುವಾಗಿದೆ ಅಂತ ಅರ್ಥ, ಎಷ್ಟೇ ಹೊಸದಾಗಿ ಕಂಡರೂ ಅದು ಬಳಕೆಯಾದ ನಾಣ್ಯ.

ಬೆಳಕಿನ ಪಟ್ಟೆ ಓಡದೆ ಇಡೀ ನಾಣ್ಯ ಒಟ್ಟಿಗೆ ಮಿಂಚಿದರೆ, ಸ್ಟೀಲ್ ಚಮಚದ ಹಾಗೆ, ಯಾರೋ ಪಾಲಿಶ್ ಮಾಡಿದ್ದಾರೆ. ಲೂಪ್ ಇಟ್ಟರೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಕಾಣುತ್ತವೆ. ಇನ್ನೊಂದು ಬಗೆ ಇದೆ, ಆಸಿಡ್ ದ್ರಾವಣದಲ್ಲಿ ಅದ್ದಿ ತೆಗೆದದ್ದು. ಗೀರು ಇರುವುದಿಲ್ಲ, ಬೆಳ್ಳಗೂ ಇರುತ್ತದೆ, ಆದರೆ ಜೀವ ಇರುವುದಿಲ್ಲ, ಸುಣ್ಣ ಬಳಿದ ಗೋಡೆಯ ಹಾಗೆ. ಒಮ್ಮೆ ಅದ್ದಿದ್ದು ಅಷ್ಟಾಗಿ ತಿಳಿಯದು, ಪದೇ ಪದೇ ಅದ್ದಿದ್ದು ಕಣ್ಣಿಗೆ ಹೊಡೆಯುತ್ತದೆ.

ನಾನು ಕೊಂಡ ಮೊದಲ ಇಸಾಬೆಲಾ ಕಾಲು ಡಾಲರ್, ಸ್ಪೇನಿನ ರಾಣಿ ಇಸಾಬೆಲಾ ಮುಖ ಇರುವುದು, ಹೀಗೇ ಆಯಿತು. ಒಂದು ನಾಣ್ಯ ಮೇಳದಲ್ಲಿ, ಮೇಜಿನ ಮೇಲೆ ಪ್ರಖರ ಬಿಳಿ ದೀಪ, ಅದರ ಕೆಳಗೆ ಎಲ್ಲ ನಾಣ್ಯವೂ ನಕ್ಷತ್ರ. ಮನೆಗೆ ತಂದು ಹಳದಿ ಬಲ್ಬಿನ ಕೆಳಗೆ ಹಿಡಿದಾಗ ರಾಣಿಯ ಕೆನ್ನೆಯಿಂದ ಕುತ್ತಿಗೆವರೆಗೆ ಗೀರೋ ಗೀರು. 1893ರ ನಾಣ್ಯ, ಈ ಇಡೀ ಸಾಲಿನಲ್ಲಿ ಇರುವ ಒಂದೇ ಕಾಲು ಡಾಲರ್, ಜನರ ಕೈಗೆ ಹೋದದ್ದೇ 24,000 ಚಿಲ್ಲರೆ. ಅದರಲ್ಲಿ ಒಂದನ್ನು ಯಾರೋ ಹಬ್ಬದ ದೀಪ ತಿಕ್ಕಿದ ಹಾಗೆ ತಿಕ್ಕಿದ್ದರು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಹೊಸದಾಗಿ ಕೇಳಿಕೊಂಡು ಬರುವವರಿಗೆ ಮೊದಲು ತೋರಿಸುವುದು ಅದನ್ನೇ. ಅಂದಿನಿಂದ ಒಂದು ನಿಯಮ: ಮಾರುವವರ ದೀಪದ ಕೆಳಗೆ ನಿರ್ಧಾರ ಮಾಡುವುದಿಲ್ಲ, ಕಿಟಕಿ ಹತ್ತಿರ ತೆಗೆದುಕೊಂಡು ಹೋಗಿ ನೋಡಲಾ ಅಂತ ಕೇಳುತ್ತೇನೆ. ಒಳ್ಳೆಯ ವ್ಯಾಪಾರಿ ಯಾರೂ ಬೇಡ ಅಂದಿಲ್ಲ.

ಹಾಗಾದರೆ ಕಪ್ಪಾದ ನಾಣ್ಯ? ಅದು ಕೊಳೆಯಲ್ಲ, ಗಾಳಿಯ ಗಂಧಕ ಬೆಳ್ಳಿಯ ಜೊತೆ ಸೇರಿ ಆದ ಬಣ್ಣ, ಟೋನಿಂಗ್ ಅನ್ನುತ್ತಾರೆ. ಈ ನಾಣ್ಯಗಳನ್ನು ಆ ಕಾಲದಲ್ಲಿ ರಟ್ಟಿನ ಹೋಲ್ಡರ್‌ಗಳಲ್ಲಿ ಮಾರಿ, ಜನ ಅದರಲ್ಲೇ ದಶಕಗಟ್ಟಲೆ ಇಟ್ಟಿದ್ದರಿಂದ ಅಂಚಿನಲ್ಲಿ ಚಿನ್ನದ ಬಣ್ಣ, ಆಮೇಲೆ ನೇರಳೆ, ನೀಲಿ ಹೀಗೆ ಬರುತ್ತದೆ. ನಾಣ್ಯವನ್ನು ಹಿಡಿದಿದ್ದ ರಟ್ಟಿನ ಪಟ್ಟಿಯ ಗುರುತೂ ನಡುವೆ ಉಳಿದಿರುತ್ತದೆ. ನಿಧಾನವಾಗಿ ಬಂದ ಬಣ್ಣ ಒಂದರೊಳಗೊಂದು ಕರಗಿ ಹೋಗಿರುತ್ತದೆ, ಕೆಳಗಿನ ಹೊಳಪು ಅದರ ಮೂಲಕ ಕಾಣುತ್ತದೆ. ಔಷಧಿ ಹಾಕಿ ತಂದ ಬಣ್ಣ ಮೇಲೆ ಕೂತ ಹಾಗಿರುತ್ತದೆ, ಗೀರಿನ ಮೇಲೂ ಹರಿದಿರುತ್ತದೆ. ಇದನ್ನು ಓದಿ ಕಲಿಯಲು ಆಗದು, ಒಂದು ಐವತ್ತು ನಾಣ್ಯ ನೋಡಬೇಕು.

ಮೂರನೆಯದು: ಗ್ರೇಡಿನ ಅಂಕಿ

ಅಮೆರಿಕದಲ್ಲಿ ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕಿ. 60ರಿಂದ ಮೇಲೆ ಬಳಕೆಯಾಗದ್ದು, ಅದಕ್ಕೆ ಎಂಎಸ್ (ಮಿಂಟ್ ಸ್ಟೇಟ್) ಅಂತ ಮುಂದೆ ಸೇರಿಸುತ್ತಾರೆ. ಪಿಸಿಜಿಎಸ್ (1986ರಿಂದ) ಮತ್ತು ಎನ್‌ಜಿಸಿ (1987ರಿಂದ) ಎಂಬ ಎರಡು ಸಂಸ್ಥೆಗಳು ನಾಣ್ಯ ಪರೀಕ್ಷಿಸಿ, ಅಂಕಿ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಅದನ್ನು ಸ್ಲ್ಯಾಬ್ ಅನ್ನುತ್ತಾರೆ.

ಹೊಸಬರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಎಲ್ಲ ನಾಣ್ಯವೂ ನನಗೆ 65ರಲ್ಲೇ ಇರಲಿ ಅಂತ ಹಟ ಹಿಡಿಯುತ್ತಾರೆ. ಹಾಗೆ ಮಾಡಬೇಡಿ, ಒಂದೊಂದು ನಾಣ್ಯ ಹುಟ್ಟಿದ ರೀತಿಯೇ ಬೇರೆ. 1946ರ ಐಯೋವಾ, 1936ರ ಯಾರ್ಕ್ ಕೌಂಟಿ ಚೆನ್ನಾಗಿ ಹೊಡೆದವು, ಚೆನ್ನಾಗಿ ಉಳಿದವು, 66 ಅಂಕಿಯೂ ಸುಲಭ. ಅದೇ 1926ರ ಸೆಸ್ಕ್ವಿಸೆಂಟೆನಿಯಲ್ ನೋಡಿ. ಅಮೆರಿಕದ ಸ್ವಾತಂತ್ರ್ಯದ 150ನೇ ವರ್ಷಕ್ಕೆ ಬಂದದ್ದು, ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಜೊತೆ ಆಗ ಅಧ್ಯಕ್ಷರಾಗಿದ್ದ ಕೂಲಿಜ್ ಅವರ ಮುಖ ಇದೆ. ಅಚ್ಚಿನ ಆಳವೇ ಇಲ್ಲ, ಮುಖಗಳು ಹಾಳೆಯ ಮೇಲೆ ಬರೆದ ಹಾಗೆ ಚಪ್ಪಟೆ. ಹತ್ತು ಲಕ್ಷ ಹೊಡೆದು 8.5 ಲಕ್ಷಕ್ಕೂ ಜಾಸ್ತಿ ಮರಳಿ ಕರಗಿಸಿದರು. ಅದು 65ರಲ್ಲಿ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಜೋರು, 63ಕ್ಕೆ ತೃಪ್ತಿಪಡುವುದೇ ಜಾಣತನ. 1923ರ ಮನ್ರೋ ನಾಣ್ಯವೂ ಹುಟ್ಟಿನಲ್ಲೇ ಮಸುಕು, ಅದನ್ನು ಸವೆತ ಅಂದುಕೊಳ್ಳಬೇಡಿ. ಅಂಕಿ ಒಂದೇ ಇದ್ದ ಎರಡು ನಾಣ್ಯ ಪಕ್ಕಪಕ್ಕ ಇಟ್ಟರೆ ಯಾವುದು ಚೆಂದ ಅಂತ ನಿಮ್ಮ ಕಣ್ಣೇ ಹೇಳುತ್ತದೆ. ಕಣ್ಣಿನ ಮಾತು ಕೇಳಿ.

ನಾಲ್ಕನೆಯದು: ಕೊಳ್ಳುವುದು, ನಕಲಿಯಿಂದ ತಪ್ಪಿಸಿಕೊಳ್ಳುವುದು

ಮೊದಲ ಐದು ನಾಣ್ಯಗಳಿಗೆ ನನ್ನ ಆಯ್ಕೆ ಹೀಗೆ: ಕೊಲಂಬಿಯನ್, ಸ್ಟೋನ್ ಮೌಂಟನ್, ಬುಕರ್ ವಾಷಿಂಗ್ಟನ್, ಐಯೋವಾ, ಆಮೇಲೆ ಒಂದು ಆರೆಗಾನ್ ಟ್ರೇಲ್. ಕೊನೆಯದು ಸ್ವಲ್ಪ ಬೆಲೆ ಜಾಸ್ತಿ, ಆದರೆ ಇಡೀ ಸಾಲಿನಲ್ಲಿ ನನಗೆ ಅತಿ ಸುಂದರ. ಫ್ರೇಸರ್ ದಂಪತಿ, ಜೇಮ್ಸ್ ಮತ್ತು ಲಾರಾ, ಇಬ್ಬರೂ ಸೇರಿ ಮಾಡಿದ್ದು. ಒಂದು ಕಡೆ ಮೂಲನಿವಾಸಿ ಬಿಲ್ಲು ಹಿಡಿದು ಒಂದು ಕೈ ಚಾಚಿ ನಿಂತಿದ್ದಾನೆ, ಹಿಂದೆ ಅಮೆರಿಕದ ನಕಾಶೆ. ಇನ್ನೊಂದು ಕಡೆ ಪಶ್ಚಿಮಕ್ಕೆ ಹೊರಟ ವಲಸಿಗರ, ಎತ್ತುಗಳು ಎಳೆಯುವ ಗಾಡಿ ಮುಳುಗುವ ಸೂರ್ಯನ ಕಡೆ ಹೋಗುತ್ತಿದೆ. ಆ ಚಾಚಿದ ಕೈ "ನಿಲ್ಲಿ" ಅನ್ನುತ್ತಿದೆ ಅಂತಲೇ ನನಗೆ ಪ್ರತಿ ಸಲ ಕಾಣುತ್ತದೆ.

ಹತ್ತಿರದ ನಾಣ್ಯದ ಅಂಗಡಿ, ನಾಣ್ಯ ಮೇಳ, ಹೆಸರಿರುವ ಹರಾಜು ಸಂಸ್ಥೆ, ಈ ಮೂರು ಸಾಕು. ಕೊಳ್ಳುವ ಮೊದಲು ಮುಗಿದ ಹರಾಜುಗಳ ಬೆಲೆ ನೋಡಿ, ಮಾರುವವರು ಕೇಳುವ ಬೆಲೆಯಲ್ಲ, ನಿಜವಾಗಿ ಮಾರಾಟವಾದ ಬೆಲೆ. ಇದನ್ನು ಹೂಡಿಕೆ ಅಂತ ಮಾರುವವರಿಂದ ದೂರ ಇರಿ. 1989ರಲ್ಲಿ ಈ ನಾಣ್ಯಗಳ ಬೆಲೆ ಆಕಾಶಕ್ಕೆ ಏರಿ ಧೊಪ್ಪೆಂದು ಬಿತ್ತು, ಹಲವು ನಾಣ್ಯಗಳು ಆ ಬೆಲೆಯನ್ನು ಮತ್ತೆ ಕಂಡೇ ಇಲ್ಲ. ಬೆಂಗಳೂರಿಗೋ ಮೈಸೂರಿಗೋ ತರಿಸುವವರು ಕಸ್ಟಮ್ಸ್ ಸುಂಕ ಮೊದಲೇ ವಿಚಾರಿಸಿಕೊಳ್ಳಿ.

ನಕಲಿ ಇವೆ. ತೂಕ, ಅಳತೆ ಬಾಯಿಪಾಠ ಮಾಡಿಕೊಳ್ಳಿ. ಅರ್ಧ ಡಾಲರ್ 12.5 ಗ್ರಾಮ್, ಅಡ್ಡಳತೆ 30.6 ಮಿಲಿಮೀಟರ್. ಇಸಾಬೆಲಾ 6.25 ಗ್ರಾಮ್. ಈ ಸಾಲಿನ ಒಂದೇ ಡಾಲರ್ ಆದ ಲಾಫಯೆಟ್, ವಾಷಿಂಗ್ಟನ್ ಮತ್ತು ಲಾಫಯೆಟ್ ಮುಖ ಇರುವುದು, 26.73 ಗ್ರಾಮ್. ಆಯಸ್ಕಾಂತಕ್ಕೆ ಅಂಟಿದರೆ ಮಾತೇ ಬೇಡ. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಅಲ್ಲ, ಅಸಲಿ ನಾಣ್ಯವನ್ನೇ ತಿದ್ದುವವರಿದ್ದಾರೆ. 1922ರ ಗ್ರಾಂಟ್ ಅರ್ಧ ಡಾಲರ್‌ನಲ್ಲಿ ಎರಡು ಬಗೆ, ಹೆಸರಿನ ಹತ್ತಿರ ಒಂದು ಪುಟ್ಟ ನಕ್ಷತ್ರ ಇರುವುದು, ಇಲ್ಲದಿರುವುದು. ನಕ್ಷತ್ರ ಇರುವುದು ಉಳಿದದ್ದು 4,256 ಮಾತ್ರ, ಹಾಗಾಗಿ ಬೆಲೆ ಎಷ್ಟೋ ಪಟ್ಟು. ನಕ್ಷತ್ರ ಇಲ್ಲದ್ದಕ್ಕೆ ಮೋಸಗಾರರು ಒಂದು ನಕ್ಷತ್ರ ಒತ್ತಿಬಿಡುತ್ತಾರೆ. ಹಾಗೆ ಒತ್ತಿದಾಗ ಹಿಂಬದಿಯಲ್ಲಿ ಸರಿಯಾಗಿ ಅದರ ನೇರಕ್ಕೆ ಒಂದು ಜಾಗ ಚಪ್ಪಟೆಯಾಗುತ್ತದೆ. ಅಲ್ಲಿ ಲೂಪ್ ಇಡಿ.

1928ರ ಹವಾಯಿ, 1900ರ ಲಾಫಯೆಟ್, ನಕ್ಷತ್ರದ ಗ್ರಾಂಟ್, 1935ರ ಹಡ್ಸನ್ ಮತ್ತು ಓಲ್ಡ್ ಸ್ಪಾನಿಷ್ ಟ್ರೇಲ್, ಇವನ್ನು ಸ್ಲ್ಯಾಬ್ ಇಲ್ಲದೆ ಕೊಳ್ಳಲೇಬೇಡಿ. ಹವಾಯಿ, ಹಡ್ಸನ್, ಸ್ಪಾನಿಷ್ ಟ್ರೇಲ್ ಮೂರೂ ತಲಾ ಸುಮಾರು 10,000 ಮಾತ್ರ ಹೊಡೆದವು. ಲಾಫಯೆಟ್ ಇನ್ನೂ ಸ್ವಾರಸ್ಯ. ಮೇಲೆ 1900 ಅಂತಿದ್ದರೂ 50,000 ನಾಣ್ಯವನ್ನೂ ಹೊಡೆದದ್ದು 1899ರ ಡಿಸೆಂಬರ್ 14ರ ಒಂದೇ ದಿನ, ಜಾರ್ಜ್ ವಾಷಿಂಗ್ಟನ್ ತೀರಿಕೊಂಡು ಸರಿಯಾಗಿ 100 ವರ್ಷವಾದ ದಿನ. ಅಮೆರಿಕದ ಅಧ್ಯಕ್ಷರೊಬ್ಬರ ಮುಖ ಆ ದೇಶದ ನಾಣ್ಯದ ಮೇಲೆ ಬಂದದ್ದು ಅದೇ ಮೊದಲು. ಸ್ಲ್ಯಾಬ್ ಕೂಡ ನಕಲಿ ಬರುತ್ತಿವೆ, ಆದ್ದರಿಂದ ಅದರ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಪಟ್ಟಿಯಲ್ಲಿ ಹಾಕಿ, ಫೋಟೋ ಇದ್ದರೆ ಕೈಯಲ್ಲಿರುವ ನಾಣ್ಯದ ಗೀರುಗಳ ಜೊತೆ ಹೋಲಿಸಿ.

ಇಟ್ಟುಕೊಳ್ಳುವುದು

ಮೆತ್ತಗಿನ, ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಜೇಬುಗಳು ಈ ನಾಣ್ಯಗಳ ಮೊದಲ ಶತ್ರು. ಕೆಲವು ವರ್ಷಕ್ಕೆ ಹಸಿರು ಜಿಗುಟು ಬಿಡುತ್ತವೆ, ಅದು ಬೆಳ್ಳಿಯನ್ನು ತಿನ್ನುತ್ತದೆ. ಮೈಲಾರ್ ಫ್ಲಿಪ್ (ಪಿವಿಸಿ ಇಲ್ಲದ ಪ್ಲಾಸ್ಟಿಕ್ ಜೇಬು) ಅಥವಾ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್ ಬಳಸಿ. ರಬ್ಬರ್ ಬ್ಯಾಂಡ್, ಹಳೇ ಪೇಪರ್, ಮರದ ಡಬ್ಬಿ ಬೇಡ. 1925ರ ಲೆಕ್ಸಿಂಗ್ಟನ್ ನಾಣ್ಯದ ಜೊತೆ ಅದರದ್ದೇ ಪುಟ್ಟ ಮರದ ಡಬ್ಬಿ ಸಿಕ್ಕರೆ ಬಿಡಬೇಡಿ, ಆದರೆ ಡಬ್ಬಿಯನ್ನು ಬೇರೆ ಇಡಿ, ನಾಣ್ಯವನ್ನು ಬೇರೆ ಇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಾಯಿಸಿ. ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ನಾಣ್ಯ ಒಯ್ಯುವವರು ಮಳೆಗಾಲದಲ್ಲಿ ಇದನ್ನು ಮರೆಯಲೇಬಾರದು.

ಹಸಿರು ಜಿಗುಟು ಈಗಾಗಲೇ ಇದ್ದರೆ? ಶುದ್ಧ ಅಸಿಟೋನ್‌ನಲ್ಲಿ, ಗಾಜಿನ ಬಟ್ಟಲಲ್ಲಿ, ಸ್ವಲ್ಪ ಹೊತ್ತು ಮುಳುಗಿಸಿಟ್ಟು, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ತೊಳೆದು, ಒರೆಸದೆ ಗಾಳಿಗೆ ಒಣಗಲು ಬಿಡಿ. ಉಗುರು ಬಣ್ಣ ತೆಗೆಯುವ ಬಾಟಲಿ ಬೇಡ, ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ. ಒಲೆ, ದೀಪ ಹತ್ತಿರ ಇರಬಾರದು, ಬೇಗ ಹೊತ್ತಿಕೊಳ್ಳುತ್ತದೆ, ಕಿಟಕಿ ತೆರೆದಿರಲಿ. ಅಸಿಟೋನ್ ಜಿಗುಟನ್ನು ಮಾತ್ರ ಕರಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಇದೊಂದು ಬಿಟ್ಟರೆ ಬೇರೆ ಯಾವ ಶುಚಿಗೊಳಿಸುವಿಕೆಯನ್ನೂ ನಾನು ಯಾರಿಗೂ ಹೇಳುವುದಿಲ್ಲ.

ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬರೆಯಿರಿ: ಯಾವಾಗ, ಎಲ್ಲಿ, ಎಷ್ಟಕ್ಕೆ ಕೊಂಡಿರಿ, ಕೊಂಡಾಗ ಹೇಗಿತ್ತು, ಎರಡೂ ಬದಿಯ ಫೋಟೋ ಯಾವ ಫೋಲ್ಡರ್‌ನಲ್ಲಿದೆ. ಮನೆಯವರಲ್ಲಿ ಒಬ್ಬರಿಗಾದರೂ ಡಬ್ಬಿ ಎಲ್ಲಿದೆ, ಮಾರಬೇಕಾದರೆ ಯಾರನ್ನು ಕೇಳಬೇಕು ಅಂತ ಗೊತ್ತಿರಲಿ. ನನ್ನ ಡಬ್ಬಿಯ ಮುಚ್ಚಳದ ಒಳಗೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದ್ದೇನೆ, ಊರಿಂದ ಅಮ್ಮ ಬಂದು ಹಬ್ಬದ ಕೆಲಸ ಶುರು ಮಾಡಿದಾಗಲೂ ಕಾಣುವ ಹಾಗೆ: "ಅಮ್ಮಾ, ಇವು ಪೂಜೆಯ ಬೆಳ್ಳಿ ಅಲ್ಲ. ಕಪ್ಪಾಗಿದ್ದರೂ ತೊಳೆಯಬೇಡ."